ತೂಬಿನಿಂದ ಮೀಟರಿನವರೆಗೆ

ನೀರಿನ ಬಿಲ್ಲು ಹೆಚ್ಚಾಗಿ ಬಂದ ದಿನ ಗೃಹಸ್ಥನ ಮುಖವನ್ನು ನೋಡಬೇಕು. ವಿದ್ಯುತ್ತಿನ ಬಿಲ್ಲು ಏರಿದರೆ ಅವನು ಮೊದಲು ಮನೆಯವರನ್ನೇ ವಿಚಾರಣೆಗೆ ಗುರಿಮಾಡುತ್ತಾನೆ. ದೀಪ ಆರಿಸದೆ ಮಲಗಿದವರು ಯಾರು, ಫ್ಯಾನು ನಿಲ್ಲಿಸದೆ ಹೊರಗೆ ಹೋದವರು ಯಾರು ಎಂದು ಮಕ್ಕಳನ್ನು ಗದರುತ್ತಾನೆ. ನೀರಿನ ಬಿಲ್ಲು ಏರಿದರೆ ಮಾತ್ರ ಅವನು ಮನೆಯೊಳಗೆ ಯಾರನ್ನೂ ಕೇಳುವುದಿಲ್ಲ. ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ನೇರವಾಗಿ ಕಚೇರಿಗೆ ಬರುತ್ತಾನೆ. ಅವನ ಸಿಟ್ಟಿನಲ್ಲಿ ಈ ತಿಂಗಳ ಲೆಕ್ಕದ ತಕರಾರಿಗಿಂತ ಬಹಳ ಹಳೆಯದಾದ ಇನ್ನೊಂದು ತಕರಾರು ಅಡಗಿದೆ. ಮಳೆ ಸುರಿಸಿದವನು ಲೆಕ್ಕ ಕೇಳಲಿಲ್ಲ, ನಡುವೆ ನೀವು ಯಾರು ಎಂಬುದೇ ಆ ತಕರಾರು.

ನಾನು ಇಪ್ಪತ್ತಾರು ವರ್ಷ ಒಂದು ಪಟ್ಟಣದ ನೀರು ಸರಬರಾಜು ಕಚೇರಿಯಲ್ಲಿ, ಇಂಥವರು ಬಂದು ನಿಲ್ಲುವ ಮೇಜಿನ ಆಚೆ ಬದಿಯಲ್ಲಿ ಕುಳಿತವನು. ಯಾವ ಪಟ್ಟಣ, ಯಾವ ಕಚೇರಿ ಎಂಬುದು ಈ ಲೇಖನಕ್ಕೆ ಅವಶ್ಯವಲ್ಲ. ಹುಟ್ಟಿದ ಊರನ್ನು ಹೇಳಬಹುದು: ಅರಸೀಕೆರೆ. ಹಾಸನ ಜಿಲ್ಲೆಯ ರೈಲು ಜಂಕ್ಷನ್ನಿನ ಅರಸೀಕೆರೆಯಲ್ಲ. ಹರಪನಹಳ್ಳಿ ತಾಲ್ಲೂಕಿನದು, ಉಚ್ಚಂಗಿದುರ್ಗದ ಸೀಮೆಯದು. ಹೆಸರಿನಲ್ಲಿಯೇ ಕೆರೆಯನ್ನು ಹೊತ್ತ ಊರಿನವನು ನೀರಿನ ಲೆಕ್ಕ ಬರೆದು ಹೊಟ್ಟೆ ಹೊರೆದದ್ದು ವಿಧಿಯ ತಮಾಷೆಯೆಂದು ನನ್ನ ಸ್ನೇಹಿತರು ಆಡಿಕೊಳ್ಳುವುದುಂಟು.

ಒಂದು ಬೇಸಗೆಯ ಮಧ್ಯಾಹ್ನ ಒಬ್ಬ ಮುದುಕಿ ಆ ಮೇಜಿನ ಮುಂದೆ ಬಂದು ನಿಂತಳು. ಆಕೆಯ ಬಿಲ್ಲು ಅದಕ್ಕೆ ಹಿಂದಿನ ತಿಂಗಳ ಬಿಲ್ಲಿನ ಹತ್ತಾರು ಪಟ್ಟು ಇತ್ತು.

“ಏನಪ್ಪಾ ತಮ್ಮಾ, ನಾವು ಮನೇಲಿ ಇರೋದು ಮೂರು ಮಂದಿ. ಆನೆ ಗೀನೆ ಕಟ್ಟೀವೇನು, ಇಷ್ಟು ನೀರು ಕುಡಿಯೋಕೆ?” ಎಂದಳು.

ನಾನು ಪುಸ್ತಕ ತೆರೆದು ಅಂಕಿಗಳನ್ನು ನೋಡಿದೆ. ಕಳೆಯುವುದರಲ್ಲಿ ತಪ್ಪಿರಲಿಲ್ಲ, ಗುಣಿಸುವುದರಲ್ಲಿ ತಪ್ಪಿರಲಿಲ್ಲ. “ಮೀಟರ್ ಸುಳ್ಳು ಹೇಳೋದಿಲ್ಲವ್ವಾ” ಎಂದೆ.

“ಮೀಟರ್ ಸುಳ್ಳು ಹೇಳಲ್ಲ ಅಂತ ನಿನಗೆ ಹೇಳಿದೋರು ಯಾರಪ್ಪಾ? ಮೀಟರೇ ಹೇಳ್ತೇನು?”

ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಿವೃತ್ತನಾದ ಮೇಲೆ ಹಳೆಯ ಪುಸ್ತಕಗಳನ್ನು ತಿರುವಿಹಾಕುತ್ತ ಕುಳಿತಾಗ, ನಮ್ಮ ನಾಡಿನಲ್ಲಿ ನೀರಿನ ಹಣದ ಬಗ್ಗೆ ನಡೆದ ಜಗಳಗಳೆಲ್ಲ ಕೊನೆಗೆ ಆ ಮುದುಕಿಯ ಪ್ರಶ್ನೆಗೇ ಬಂದು ನಿಲ್ಲುವುದನ್ನು ಕಂಡೆ. ಅಳೆಯುವವನು ಯಾರು? ಅವನ ಅಳತೆ ಸರಿಯೆಂದು ಹೇಳುವವನು ಯಾರು?

ಕೆರೆಯ ಕಾಲದಿಂದ ಹೊರಡೋಣ. ಕೆರೆ ಕಟ್ಟಿಸಿದವನಿಗೂ ಅದನ್ನು ಕಾಪಾಡಿಕೊಂಡು ಬಂದವನಿಗೂ ಭೂಮಿಯಲ್ಲಿ ಪಾಲು ಕೊಡುತ್ತಿದ್ದ ಪದ್ಧತಿ ನಮ್ಮಲ್ಲಿ ಬಹಳ ಪುರಾತನವಾದದ್ದು. ಬಿತ್ತುವಟ್ಟ, ಕಟ್ಟುಕೊಡುಗೆ, ದಸವಂದ ಎಂಬ ಹೆಸರುಗಳನ್ನು ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುತ್ತೇವೆ. ವಿಜಯನಗರದ ಕಾಲದಲ್ಲಿ ಕೆರೆ ಕಟ್ಟುವುದು ಪುಣ್ಯದ ಕೆಲಸವಾಗಿದ್ದಂತೆಯೇ ಶಾಸ್ತ್ರವೂ ಆಗಿತ್ತು. ಕಡಪ ಸೀಮೆಯ ಪೊರುಮಾಮಿಳ್ಳದಲ್ಲಿ 1369ರ ಒಂದು ಶಾಸನವಿದೆ. ಬುಕ್ಕರಾಯನ ಮಗ ಭಾಸ್ಕರ ಭವದೂರ ಕಟ್ಟಿಸಿದ ಕೆರೆಯ ಶಾಸನ ಅದು. ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನು ಅದು ಎಣಿಸಿ ಹೇಳುತ್ತದೆ. ಧರ್ಮಿಷ್ಠನಾದ ಒಡೆಯನಿಂದ ಮೊದಲುಮಾಡಿ ಗಟ್ಟಿಯಾದ ನೆಲ, ನೀರು ತರುವ ನದಿ, ಏರಿಯ ಕಲ್ಲು ಎಲ್ಲವೂ ಆ ಪಟ್ಟಿಯಲ್ಲಿವೆ.

ಆದರೆ ಕಟ್ಟಿದ ಕೆರೆಯ ನೀರನ್ನು ಹಂಚುವವನು ಅರಸನಲ್ಲ, ನೀರುಗಂಟಿ. ತೂಬು ತೆರೆಯುವುದು, ಮುಚ್ಚುವುದು, ಯಾರ ಗದ್ದೆಗೆ ಯಾವ ಹೊತ್ತು ಎಂಬ ಸರದಿಯನ್ನು ಕಾಯುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಆಯದ ಕಾಳನ್ನು ಮೊರದಲ್ಲಿ ತುಂಬಿಸಿಕೊಂಡು ಹೋಗುತ್ತಿದ್ದ. ಅವನ ಅಳತೆ ಲೀಟರಿನದಲ್ಲ, ಹೊತ್ತಿನದು. ಎಷ್ಟು ನೀರು ಹರಿಯಿತೆಂಬುದನ್ನು ಯಾರೂ ಹೇಳಲಾರರು. ಎಷ್ಟು ಹೊತ್ತು ಹರಿಯಿತೆಂಬುದನ್ನು ಎಲ್ಲರೂ ಹೇಳಬಲ್ಲರು. ಕೆರೆಯಲ್ಲಿ ನೀರು ಕಡಿಮೆಯಾದರೆ ಎಲ್ಲರ ಪಾಲೂ ಒಟ್ಟಿಗೆ ಕುಗ್ಗುತ್ತಿತ್ತು.

ಆ ಕಾಲದಲ್ಲಿ ಜಗಳವಿರಲಿಲ್ಲವೆಂದು ನಾನು ಹೇಳುತ್ತಿಲ್ಲ. ರಾತ್ರಿ ಕಳ್ಳತನದಿಂದ ಬದು ಒಡೆದು ನೀರು ತಿರುಗಿಸಿಕೊಂಡವರು, ನೀರುಗಂಟಿಗೆ ಎರಡು ಮೊರ ಹೆಚ್ಚು ಅಳೆದು ಸರದಿ ಬದಲಾಯಿಸಿಕೊಂಡವರು ಎಲ್ಲ ಊರಿನಲ್ಲಿಯೂ ಇದ್ದರು. ಕೆರೆಯ ನೀರಿನಲ್ಲಿ ಪಾಲೇ ಇಲ್ಲದ ಕೇರಿಗಳೂ ಇದ್ದವು. ಅವರ ತಕರಾರನ್ನು ಕೇಳುವ ಕಟ್ಟೆ ಎಲ್ಲಿಯೂ ಇರಲಿಲ್ಲವೆಂಬುದನ್ನು ನಾವು ಮರೆಯಬಾರದು. ಆದರೂ ಆ ವ್ಯವಸ್ಥೆಯಲ್ಲಿ ಒಂದು ಗುಣವಿತ್ತು. ಪಾಲುದಾರರ ನಡುವೆ ಅಳತೆ ಗುಟ್ಟಾಗಿರಲಿಲ್ಲ. ತೂಬಿನ ಕಲ್ಲು ಎಲ್ಲರ ಕಣ್ಣೆದುರಿಗಿತ್ತು, ಅಳೆಯುವವನು ಎಲ್ಲರಿಗೂ ಗೊತ್ತಿದ್ದವನು.

1800ರಲ್ಲಿ ನಮ್ಮ ಬಳ್ಳಾರಿ ಸೀಮೆ ನಿಜಾಮನಿಂದ ಕಂಪನಿಯ ಕೈಗೆ ಬಂತು. ಅದೇ ವರ್ಷ ಥಾಮಸ್ ಮನ್ರೋ ಈ ಜಿಲ್ಲೆಗಳ ಪ್ರಧಾನ ಕಲೆಕ್ಟರಾಗಿ ಬಂದು 1807ರವರೆಗೆ ಇದ್ದ. ಆತನ ಹೆಸರಿನೊಡನೆ ಬೆಸೆದುಕೊಂಡಿರುವ ರೈತವಾರಿ ಪದ್ಧತಿಯಲ್ಲಿ ನೆಲವನ್ನು ತರಿ, ಖುಷ್ಕಿ ಎಂದು ವಿಂಗಡಿಸಿದರು. ಖುಷ್ಕಿಗೆ ಕಡಿಮೆ ಕಂದಾಯ, ತರಿಗೆ ಹೆಚ್ಚು. ನೀರಿಗೆ ಪ್ರತ್ಯೇಕ ಚೀಟಿಯಿಲ್ಲ; ನೀರಿನ ಬೆಲೆ ನೆಲದ ಕಂದಾಯದೊಳಗೇ ಕರಗಿಹೋಗಿತ್ತು. ಎಷ್ಟು ನೀರು ಬಳಸಿದೆ ಎಂಬ ಪ್ರಶ್ನೆ ಏಳುತ್ತಿರಲಿಲ್ಲ. ನಿನ್ನ ಹೊಲ ತರಿಯೋ ಖುಷ್ಕಿಯೋ ಎಂಬುದೊಂದೇ ಪ್ರಶ್ನೆ.

ನೀರನ್ನು ನೆಲದಿಂದ ಬೇರ್ಪಡಿಸಿ ಮಾರುವ ಮೊದಲ ದೊಡ್ಡ ಪ್ರಯತ್ನ ನಡೆದದ್ದು ನಮ್ಮ ತುಂಗಭದ್ರೆಯ ಮೇಲೆಯೇ. ಗೋದಾವರಿಯ ಅಣೆಕಟ್ಟೆಯಿಂದ ಹೆಸರು ಪಡೆದ ಸರ್ ಆರ್ಥರ್ ಕಾಟನ್ನನ ಪ್ರೇರಣೆಯಿಂದ ಲಂಡನ್ನಿನಲ್ಲಿ ಮದರಾಸು ನೀರಾವರಿ ಕಂಪನಿ ಹುಟ್ಟಿತು. ಹತ್ತು ಲಕ್ಷ ಪೌಂಡು ಬಂಡವಾಳಕ್ಕೆ ನೂರಕ್ಕೆ ಐದರಂತೆ ಬಡ್ಡಿ ಕೊಡುವ ಖಾತರಿಯನ್ನು ಸರಕಾರ ಕೊಟ್ಟಿತು. ಸುಂಕೇಸುಲದ ಬಳಿ ಅಣೆ ಕಟ್ಟಿ, ಕರ್ನೂಲಿನಿಂದ ಕಡಪದವರೆಗೆ ಸುಮಾರು 300 ಕಿಲೋಮೀಟರಿನ ಕಾಲುವೆ ತೋಡಿದರು. ಕಾಲುವೆಯಲ್ಲಿ ನೀರು ಹರಿಯಿತು. ಕಂಪನಿಯ ಪೆಟ್ಟಿಗೆಗೆ ಹಣ ಮಾತ್ರ ಹರಿಯಲಿಲ್ಲ. ಕಪ್ಪು ಮಣ್ಣಿನಲ್ಲಿ ಜೋಳ, ಹತ್ತಿ ಬೆಳೆಯುತ್ತಿದ್ದ ರೈತ, ಮಳೆ ಬಂದ ವರ್ಷ ಬೇಡವಾದ ನೀರಿಗೆ ಹಣ ಏಕೆ ಕೊಡಬೇಕೆಂದು ಸುಮ್ಮನಿದ್ದುಬಿಟ್ಟ. ಕೊನೆಗೆ 1882ರಲ್ಲಿ ಸರಕಾರವೇ ಕಾಲುವೆಯನ್ನು ಕೊಂಡುಕೊಳ್ಳಬೇಕಾಯಿತು. ನೀರಿನ ವ್ಯಾಪಾರಿಗೆ ರೈತ ಕಲಿಸಿದ ಮೊದಲ ಪಾಠ ಇದು. ಆದರೆ ರೈತನಿಗೆ ಆಗ ಬೇಡವೆನ್ನುವ ಸ್ವಾತಂತ್ರ್ಯವಿತ್ತು. ಪಟ್ಟಣದ ಗೃಹಸ್ಥನಿಗೆ ಅದೂ ಇಲ್ಲ.

ಈ ನಡುವೆ 1865ರಲ್ಲಿ ಮದರಾಸು ಸರಕಾರ ನೀರಾವರಿ ಸೆಸ್ಸಿನ ಕಾಯಿದೆಯನ್ನು ತಂದಿತು. ಸರಕಾರಕ್ಕೆ ಸೇರಿದ ಹೊಳೆ, ಹಳ್ಳ, ಕಾಲುವೆ, ಕೆರೆಗಳಿಂದ ನೀರು ಪಡೆದ ಭೂಮಿಯ ಮೇಲೆ ಪ್ರತ್ಯೇಕ ಕರ ಹಾಕುವ ಅಧಿಕಾರ ಅದರಿಂದ ಬಂತು. ಹೊಳೆ ಸರಕಾರದ್ದೆಂದು ಯಾರು ಹೇಳಿದರು ಎಂಬ ಜಗಳವೂ ಅದರೊಂದಿಗೇ ಬಂತು. ಈ ಜಗಳಗಳಲ್ಲಿ ಪ್ರಸಿದ್ಧವಾದದ್ದು ಉತ್ತರ ಸರ್ಕಾರ್ ಸೀಮೆಯ ಉರ್ಲಾಂ ಜಮೀನ್ದಾರಿಯದು. ವಂಶಧಾರಾ ನದಿಯಿಂದ ಹಿಂದಿನಿಂದ ಬಂದ ಕಾಲುವೆಗಳಲ್ಲಿ ಜಮೀನ್ದಾರ ನೀರು ಪಡೆಯುತ್ತಿದ್ದ. ಹೆಚ್ಚು ನೆಲಕ್ಕೆ ನೀರುಣಿಸಿದ್ದೀರಿ, ಹೆಚ್ಚು ಸೆಸ್ಸು ಕೊಡಿ ಎಂದು ಸರಕಾರ ಕೇಳಿತು. ದಾವೆ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಗಿ 1917ರಲ್ಲಿ ಇತ್ಯರ್ಥವಾಯಿತು. ಜಮೀನ್ದಾರನ ಹಕ್ಕನ್ನು ಅಳೆಯಬೇಕಾದದ್ದು ಅವನು ಬೆಳೆ ತೆಗೆದ ಎಕರೆಗಳಿಂದಲ್ಲ, ಕಾಲುವೆಯ ಮತ್ತು ತೂಬಿನ ಗಾತ್ರದಿಂದ. ಆ ಗಾತ್ರ ಹಿಂದಿನಂತೆಯೇ ಇರುವಾಗ ಹೆಚ್ಚಿನ ಸೆಸ್ಸು ಸಲ್ಲದು ಎಂಬುದು ತೀರ್ಪಿನ ತಿರುಳು. ನೀರುಗಂಟಿಯ ತತ್ತ್ವವೂ ಅದೇ ಆಗಿತ್ತು ಎಂಬುದನ್ನು ಓದುಗರು ಗಮನಿಸಬೇಕು. ಎಲ್ಲರಿಗೂ ಕಾಣುವ ಕಲ್ಲಿನ ಅಳತೆಯನ್ನೇ ದೊಡ್ಡ ನ್ಯಾಯಾಲಯವೂ ಒಪ್ಪಿಕೊಂಡಿತು.

ಇನ್ನು ಪಟ್ಟಣದ ಕಡೆ ಬರೋಣ. ಮನೆಯ ನೀರಿನ ಬಿಲ್ಲಿನ ಬಗ್ಗೆ ಇತಿಹಾಸದಲ್ಲಿ ನಿಂತ ಜಗಳ ನಡೆದದ್ದು ಲಂಡನ್ನಿನಲ್ಲಿ. ಅಲ್ಲಿ ಆಗ ನೀರು ಒದಗಿಸುತ್ತಿದ್ದವು ಖಾಸಗಿ ಕಂಪನಿಗಳು. ಎಷ್ಟು ನೀರು ಬಳಸಿದಿರೆಂದು ಅವು ಕೇಳುತ್ತಿರಲಿಲ್ಲ. ಮನೆಯ ವಾರ್ಷಿಕ ಮೌಲ್ಯದ ಮೇಲೆ ಶೇಕಡ ಇಷ್ಟೆಂದು ವಸೂಲು ಮಾಡುತ್ತಿದ್ದವು. ಆರ್ಚಿಬಾಲ್ಡ್ ಡಾಬ್ಸ್ ಎಂಬ ಬ್ಯಾರಿಸ್ಟರು ತನ್ನ ಬಿಲ್ಲನ್ನು ನೋಡಿ, ವಾರ್ಷಿಕ ಮೌಲ್ಯವೆಂದರೆ ಪೂರ್ತಿ ಬಾಡಿಗೆಯೋ, ಇಲ್ಲ ದುರಸ್ತಿ ಮೊದಲಾದ ಖರ್ಚು ಕಳೆದು ಉಳಿದ ನಿವ್ವಳ ಮೌಲ್ಯವೋ ಎಂದು ಕೇಳಿದ. ಕಂಪನಿ ಪೂರ್ತಿ ಬಾಡಿಗೆ ಎಂದಿತು. ಮನೆಯೊಂದರ ಸಣ್ಣ ಮೊತ್ತದ ಈ ವ್ಯಾಜ್ಯವನ್ನು ಅವನು ಹೌಸ್ ಆಫ್ ಲಾರ್ಡ್ಸ್‌ವರೆಗೆ ಎಳೆದು 1883ರಲ್ಲಿ ಗೆದ್ದ. ಆ ತೀರ್ಪಿನ ಹುರುಪಿನಲ್ಲಿ ಊರಿನ ಗೃಹಸ್ಥರು ನೀರು ಬಳಕೆದಾರರ ರಕ್ಷಣಾ ಸಂಘಗಳನ್ನು ಕಟ್ಟಿಕೊಂಡರು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ, 1904ರಲ್ಲಿ, ಲಂಡನ್ನಿನ ನೀರಿನ ಕಂಪನಿಗಳ ಕೆಲಸವನ್ನು ಸಾರ್ವಜನಿಕ ಮಂಡಲಿ ವಹಿಸಿಕೊಂಡಿತು.

ಮನೆಯ ಬೆಲೆಯ ಮೇಲೆ ನೀರಿನ ದರ ಹಾಕುವುದು ಅನ್ಯಾಯವೆನಿಸಿದವರಿಗೆ ಉತ್ತರವಾಗಿ ಬಂದದ್ದು ಮೀಟರು. ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲಸಿದ ವಿಲಿಯಂ ಸೀಮನ್ಸ್ 1851ರಷ್ಟು ಹಿಂದೆಯೇ ನೀರಿನ ಮೀಟರನ್ನು ರೂಪಿಸಿದ್ದ. ಒಳಗೆ ಒಂದು ಸಣ್ಣ ಚಕ್ರ. ನೀರು ಹರಿದಂತೆ ತಿರುಗುತ್ತದೆ, ತಿರುಗಿದಂತೆ ಅಂಕಿ ಏರುತ್ತದೆ. ಬಳಸಿದಷ್ಟಕ್ಕೆ ಹಣ ಎಂಬ ಮಾತು ಎಲ್ಲರಿಗೂ ನ್ಯಾಯವಾಗಿ ಕಂಡಿತು.

ನಮ್ಮಲ್ಲಿ ಕೊಳಾಯಿಯ ಯುಗವನ್ನು ತೆರೆದದ್ದು ಬೆಂಗಳೂರು. ದಿವಾನ್ ಶೇಷಾದ್ರಿ ಅಯ್ಯರರ ಕಾಲದಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ನೀರು ತರುವ ಚಾಮರಾಜೇಂದ್ರ ಜಲಕಾರ್ಯ ಕೈಗೂಡಿ, 1896ರಲ್ಲಿ ನಗರಕ್ಕೆ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ, 1964ರಲ್ಲಿ ನೀರು ಸರಬರಾಜಿಗಾಗಿಯೇ ಒಂದು ಪ್ರತ್ಯೇಕ ಮಂಡಲಿ, 1974ರಲ್ಲಿ ಕಾವೇರಿಯ ನೀರು. ಆ ನಗರದ ಮನೆಗಳ ಸಂಪರ್ಕಗಳಿಗೆಲ್ಲ ಬಹುಮಟ್ಟಿಗೆ ಮೀಟರು ಬಂದರೂ, ನಾಡಿನ ಇತರ ಪಟ್ಟಣಗಳಲ್ಲಿ ಬಹುಕಾಲ ನಡೆದದ್ದು ನಿಗದಿ ದರ: ಒಂದು ನಲ್ಲಿಗೆ ತಿಂಗಳಿಗೆ ಇಷ್ಟು. ನಿಗದಿ ದರದಲ್ಲಿ ಜಗಳ ಕಡಿಮೆ, ನೀರು ಪೋಲಾಗುವುದು ಹೆಚ್ಚು.

ಮೀಟರು ಬಂದ ಕಡೆ ಜಗಳದ ಸ್ವರೂಪವೇ ಬೇರೆಯಾಯಿತು. ಮೇಜಿನ ಹಿಂದೆ ಕುಳಿತು ನಾನು ಕಂಡದ್ದನ್ನು ಹೇಳುತ್ತೇನೆ. ಹೆಚ್ಚಿನ ಬಿಲ್ಲಿನ ಅರ್ಧಕ್ಕರ್ಧ ತಕರಾರುಗಳ ಬೇರು ಮನೆಯೊಳಗೇ ಇರುತ್ತಿತ್ತು. ಸೆಕೆಂಡಿಗೆ ಒಂದು ಹನಿಯಂತೆ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ ಸುಮಾರು 20 ಲೀಟರು ಹೋಗುತ್ತದೆ. ಪಾಯಖಾನೆಯ ತೊಟ್ಟಿ ಸದ್ದಿಲ್ಲದೆ ಸೋರಿದರೆ ದಿನಕ್ಕೆ ನೂರಾರು ಲೀಟರು. ಅದನ್ನು ಪತ್ತೆಮಾಡುವ ಉಪಾಯ ಸುಲಭ: ರಾತ್ರಿ ಮಲಗುವಾಗ ಎಲ್ಲ ನಲ್ಲಿಗಳನ್ನೂ ಮುಚ್ಚಿ ಮೀಟರಿನ ಅಂಕಿ ಬರೆದಿಡುವುದು, ಬೆಳಗ್ಗೆ ನಲ್ಲಿ ತಿರುಗಿಸುವ ಮೊದಲು ಮತ್ತೊಮ್ಮೆ ನೋಡುವುದು. ಮೇಲಿನ ತೊಟ್ಟಿ ತುಂಬಿಕೊಂಡಿದ್ದೂ ಅಂಕಿ ಏರಿದ್ದರೆ ನೀರು ಎಲ್ಲಿಯೋ ಸೋರುತ್ತಿದೆ.

ಆದರೆ ಉಳಿದ ಅರ್ಧದಲ್ಲಿ ಮೀಟರೂ ಕಚೇರಿಯೂ ನಿರ್ದೋಷಿಗಳಲ್ಲ. ಎರಡು ದಿನಕ್ಕೋ ನಾಲ್ಕು ದಿನಕ್ಕೋ ಒಮ್ಮೆ ನೀರು ಬಿಡುವ ಊರುಗಳಲ್ಲಿ ನಡುವೆ ಕೊಳವೆ ಬರಿದಾಗಿ ಗಾಳಿ ತುಂಬಿಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ಆ ಗಾಳಿ ಮೊದಲು ನುಗ್ಗಿ ಮೀಟರಿನ ಚಕ್ರವನ್ನು ಗರಗರನೆ ತಿರುಗಿಸುತ್ತದೆ. ಚಕ್ರಕ್ಕೆ ಗಾಳಿಯೂ ಒಂದೇ, ನೀರೂ ಒಂದೇ. ನಲ್ಲಿಯಲ್ಲಿ ಬುಸ್ ಎಂದದ್ದಕ್ಕೂ ನಾವು ಹಣ ಕೊಡುತ್ತೇವೆ.

ಇದಕ್ಕೆ ವಿರುದ್ಧವಾದ ಇನ್ನೊಂದು ವಿಚಿತ್ರವಿದೆ. ಮೀಟರು ಮುದಿಯಾದಂತೆ ಸಾಮಾನ್ಯವಾಗಿ ನಿಧಾನವಾಗುತ್ತದೆ. ಸಣ್ಣಗೆ ಹರಿಯುವ ನೀರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದನ್ನು ತೆಗೆದು ಹೊಸದನ್ನು ಹಾಕಿದ ತಿಂಗಳು ಬಿಲ್ಲು ಏರುತ್ತದೆ, ಗೃಹಸ್ಥ ಹೊಸ ಮೀಟರನ್ನು ಶಪಿಸುತ್ತಾನೆ. ಎಷ್ಟೋ ಸಲ ತಪ್ಪಿದ್ದದ್ದು ಹಳೆಯದರಲ್ಲಿ, ಅದೂ ಅವನಿಗೆ ಅನುಕೂಲವಾಗಿ. ಈ ಮಾತನ್ನು ಒಪ್ಪಿಕೊಂಡ ಒಬ್ಬ ಗೃಹಸ್ಥನನ್ನೂ ನಾನು ನನ್ನ ಸೇವಾವಧಿಯಲ್ಲಿ ಕಾಣಲಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಮೆಟ್ಟಿಲು ದರದ ಕುತ್ತು. ಹೆಚ್ಚು ಬಳಸಿದವನು ಹೆಚ್ಚಿನ ದರ ಕೊಡಲಿ ಎಂಬ ಒಳ್ಳೆಯ ಉದ್ದೇಶದಿಂದ ದರವನ್ನು ಮೆಟ್ಟಿಲುಮೆಟ್ಟಿಲಾಗಿ ಏರಿಸುತ್ತಾರೆ. ಕೇವಲ ಉದಾಹರಣೆಗೆ, ಬೆಂಗಳೂರಿನಲ್ಲಿ 2014ರಿಂದ 2025ರವರೆಗೆ ಇದ್ದ ಗೃಹಬಳಕೆಯ ದರವನ್ನು ತೆಗೆದುಕೊಳ್ಳೋಣ. ಮೊದಲ 8 ಸಾವಿರ ಲೀಟರಿಗೆ ಸಾವಿರಕ್ಕೆ 7 ರೂಪಾಯಿ, 25 ಸಾವಿರದವರೆಗೆ 11, 50 ಸಾವಿರದವರೆಗೆ 26, ಅದರ ಮೇಲೆ 45. ತಿಂಗಳಿಗೆ 12 ಸಾವಿರ ಲೀಟರು ಬಳಸುವ ಮನೆಗೆ ನೀರಿನ ಬಾಬ್ತು 56ಕ್ಕೆ 44 ಸೇರಿ 100 ರೂಪಾಯಿ ಆಗುತ್ತದೆ. ನಾಲ್ಕು ತಿಂಗಳಿಗೆ 400. ಆ ನಾಲ್ಕು ತಿಂಗಳ 48 ಸಾವಿರ ಲೀಟರನ್ನು ಒಂದೇ ತಿಂಗಳಲ್ಲಿ ಬಳಸಿದಂತೆ ಬರೆದರೆ 56, 187, 598 ಸೇರಿ 841 ರೂಪಾಯಿ. ನೀರು ಅಷ್ಟೇ, ಮೀಟರು ಸರಿಯಾಗಿದೆ, ಗುಣಾಕಾರ ಸರಿಯಾಗಿದೆ. ಬಿಲ್ಲು ಮಾತ್ರ ಇಮ್ಮಡಿಗಿಂತ ಹೆಚ್ಚು.

ಆ ಮುದುಕಿಯ ಮನೆಯಲ್ಲಿ ನಡೆದದ್ದು ಇದೇ. ನಮ್ಮ ಕಚೇರಿಯ ದರಗಳು ಬೇರೆ, ರೀತಿ ಒಂದೇ. ಆಕೆ ಬೆಳಗಿನ ಜಾವವೇ ಕೂಲಿಗೆ ಹೋಗುವವಳು. ಅಂಕಿ ಬರೆದುಕೊಳ್ಳುವವನು ಮೂರು ತಿಂಗಳು ಬಂದಾಗಲೂ ಬಾಗಿಲಿಗೆ ಬೀಗ. ಅವನು “ಬಾಗಿಲು ಹಾಕಿದೆ” ಎಂದು ಬರೆದ, ನಾವು ಕನಿಷ್ಠ ದರ ಹಾಕಿದೆವು. ನಾಲ್ಕನೆಯ ತಿಂಗಳು ಬಾಗಿಲು ತೆರೆದಿತ್ತು. ನಾಲ್ಕು ತಿಂಗಳ ನೀರೆಲ್ಲ ಒಂದೇ ತಿಂಗಳ ಮೆಟ್ಟಿಲನ್ನು ಹತ್ತಿ ಕುಳಿತಿತು. ನಾನು ಪುಸ್ತಕದಲ್ಲಿ ನೋಡಿದ್ದು ಕೊನೆಯ ಎರಡು ಅಂಕಿಗಳನ್ನು ಮಾತ್ರ. ನಾಲ್ಕು ಸಾಲು ಮೇಲಕ್ಕೆ ಕಣ್ಣು ಹಾಯಿಸಲಿಲ್ಲ. ಗಡುವು ಮುಗಿಯಿತು. ನಿಯಮದಂತೆ ಸಂಪರ್ಕ ಕತ್ತರಿಸಿದರು. ಹನ್ನೊಂದು ದಿನ ಆಕೆ ಬೀದಿಯ ಕೊನೆಯ ಬೋರಿನಿಂದ ಕೊಡ ಹೊತ್ತಳು. ಹನ್ನೆರಡನೆಯ ದಿನ ಬೇರೊಂದು ಕಡತ ಹುಡುಕುವಾಗ ಆ ಪುಟ ನನ್ನ ಕಣ್ಣಿಗೆ ಬಿತ್ತು. ಬಿಲ್ಲನ್ನು ತಿದ್ದಿಸಿದೆ, ನಲ್ಲಿಯನ್ನು ಮತ್ತೆ ಜೋಡಿಸಿಕೊಟ್ಟರು. ಹನ್ನೊಂದು ದಿನದ ಕೊಡಗಳನ್ನು ತಿದ್ದಲು ಯಾವ ಪುಸ್ತಕದಲ್ಲಿಯೂ ಜಾಗವಿರಲಿಲ್ಲ.

ಇಂಥ ಕಡೆ ಮೂರನೆಯವನೊಬ್ಬ ಬೇಕು. ವಿದ್ಯುತ್ತಿನ ವಿಷಯದಲ್ಲಿ ಈ ತಿಳಿವಳಿಕೆ ಬಹಳ ಬೇಗ ಬಂತು. 1910ರ ಭಾರತೀಯ ವಿದ್ಯುಚ್ಛಕ್ತಿ ಕಾಯಿದೆಯ 26ನೆಯ ಕಲಮಿನಲ್ಲಿಯೇ, ಮೀಟರು ಸರಿಯೋ ತಪ್ಪೋ ಎಂಬ ವಿವಾದ ಬಂದರೆ ತೀರ್ಮಾನಿಸುವವನು ಮಾರುವವನೂ ಅಲ್ಲ, ಕೊಳ್ಳುವವನೂ ಅಲ್ಲ, ವಿದ್ಯುತ್ ಇನ್‌ಸ್ಪೆಕ್ಟರು ಎಂದು ಬರೆದರು. ಮೀಟರು ತಪ್ಪಿದ್ದರೆ ಅವನು ಅಂದಾಜು ಮಾಡಬಹುದಾದ ಹಿಂದಿನ ಅವಧಿಯೂ ಆರು ತಿಂಗಳನ್ನು ಮೀರುವಂತಿರಲಿಲ್ಲ. ಮನೆಯ ನೀರಿನ ಜಗಳದಲ್ಲಿ ಫಿರ್ಯಾದು ಹೋಗುತ್ತಿದ್ದದ್ದು ಬಿಲ್ಲು ಕಳಿಸಿದ ಕಚೇರಿಗೇ, ಕೇಳುತ್ತಿದ್ದವನು ನನ್ನಂಥ ಗುಮಾಸ್ತೆಯೇ.

ಹೊರಗಿನ ಕಟ್ಟೆಯೇ ಇಲ್ಲದೆ ನೀರಿನ ಬಾಕಿ ಬೆಳೆದರೆ ಏನಾಗುತ್ತದೆಂಬುದನ್ನು ನಾಡು 1980ರಲ್ಲಿ ಕಂಡಿತು. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆ ಕಟ್ಟಿದ ಮೇಲೆ ನರಗುಂದ, ನವಲಗುಂದ ಸೀಮೆಯ ರೈತರ ಮೇಲೆ ನೀರಿನ ಕರವೂ, ನೀರಾವರಿಯಿಂದ ನೆಲದ ಬೆಲೆ ಏರಿತೆಂದು ಅಭಿವೃದ್ಧಿ ಕರವೂ ಬಿದ್ದವು. ಕಾಲುವೆಯ ನೀರು ಸರಿಯಾಗಿ ತಲಪದ ಹೊಲಗಳಿಗೂ ಬಾಕಿಯ ನೋಟೀಸು ಹೋಯಿತು. ರೈತರ ಅರ್ಜಿಗಳು ಕರ ಹಾಕಿದ ಕಚೇರಿಗಳಲ್ಲಿಯೇ ಸುತ್ತಿದವು. 1980ರ ಜುಲೈ 21ರಂದು ಚಳವಳಿ ಕೈಮೀರಿ ಗೋಲಿಬಾರಾಯಿತು. ಎರಡೂ ಕಡೆ ಜೀವಗಳು ಹೋದವು. ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿದ್ದು ಆ ಬೆಂಕಿಯಿಂದಲೇ. ಅಲ್ಲಿಯ ರೈತ ಕೇಳಿದ್ದೂ ಮುದುಕಿಯ ಪ್ರಶ್ನೆಯನ್ನೇ: ನನ್ನ ಹೊಲಕ್ಕೆ ನೀರು ಬಂದಿದೆಯೆಂದು ನಿಮಗೆ ಹೇಳಿದವರು ಯಾರು?

ಆ ಮೇಲೆ ಕಟ್ಟೆಗಳು ಒಂದೊಂದಾಗಿ ಬಂದವು. 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂತು. ಸಾರ್ವಜನಿಕ ಸಂಸ್ಥೆಗಳು ಹಣ ಪಡೆದು ಮಾಡುವ ಸೇವೆಯೂ ಅದರ ಅಡಿಗೆ ಬರುತ್ತದೆಂದು ಸುಪ್ರೀಂ ಕೋರ್ಟು 1993ರಲ್ಲಿ, ಲಖನೌ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ, ಸ್ಪಷ್ಟಪಡಿಸಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರದ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಖಾಯಂ ಲೋಕ ಅದಾಲತ್ತುಗಳು ಬಂದವು. ಜನರಿಗೆ ನೀರು ಒದಗಿಸುವ ಸೇವೆಯನ್ನು ಅದರಲ್ಲಿ ಹೆಸರಿಸಿಯೇ ಸೇರಿಸಿದ್ದಾರೆ. ಅಲ್ಲಿ ಕೋರ್ಟು ಫೀಸಿಲ್ಲ. ರಾಜಿ ಆಗದಿದ್ದರೆ ತೀರ್ಪು ಕೊಡುವ ಅಧಿಕಾರವೂ ಇದೆ. ಬೆಂಗಳೂರಿನ ಜಲಮಂಡಲಿ ತಾನಾಗಿಯೇ ಜಲ ಅದಾಲತ್ತುಗಳನ್ನು ನಡೆಸುತ್ತ ಬಂದಿದೆ. ಬಿಲ್ಲು ಹಿಡಿದು ಕಚೇರಿಗೆ ಬರುವವರಲ್ಲಿ ಎಷ್ಟು ಮಂದಿಗೆ ಈ ಕಟ್ಟೆಗಳ ದಾರಿ ಗೊತ್ತು? ನಮ್ಮ ಮುದುಕಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ. ಬಿಲ್ಲು ಸರಿಯಾಗಿದೆಯೆಂದೇ ನಂಬಿದ್ದೆ.

ಮೊನ್ನೆ ಊರಿಗೆ ಹೋಗಿದ್ದೆ. ನಮ್ಮ ತಾಲ್ಲೂಕು ಜಿಲ್ಲೆಗಳನ್ನು ಬದಲಾಯಿಸುವುದರಲ್ಲಿ ಬಹಳ ಅನುಭವಸ್ಥ. 1953ರ ಅಕ್ಟೋಬರ್ 1ರವರೆಗೆ ಮದರಾಸು ರಾಜ್ಯದ ಬಳ್ಳಾರಿ, ಆ ಮೇಲೆ ಮೈಸೂರು ರಾಜ್ಯದ ಬಳ್ಳಾರಿ, 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ನೀರಿನ ಕಡತ ಯಾವ ಊರಿನ ಕಚೇರಿಯಲ್ಲಿದೆ ಎಂದು ತಿಳಿಯುವಷ್ಟರಲ್ಲಿ ಜಿಲ್ಲೆಯೇ ಬದಲಾಗಿರುತ್ತದೆಂದು ನಮ್ಮ ದೊಡ್ಡಪ್ಪನವರು ತಮಾಷೆ ಮಾಡುತ್ತಿದ್ದರು.

ಈಗ ಹಳ್ಳಿಗಳಿಗೂ ಮನೆಮನೆಯ ನಲ್ಲಿ ಬಂದಿದೆ. 2019ರಲ್ಲಿ ಸಾರಿದ ಜಲಜೀವನ ಯೋಜನೆಯ ಗುರಿ ಒಬ್ಬರಿಗೆ ದಿನಕ್ಕೆ 55 ಲೀಟರು. ನಮ್ಮ ರಾಜ್ಯದ ಹಲವು ಹಳ್ಳಿಗಳಲ್ಲಿ ನಲ್ಲಿಯ ಜೊತೆಗೆ ಮೀಟರೂ ಬಂತು. ಬಂದ ಕೂಡಲೆ ಅನುಮಾನವೂ ಬಂತು. ಕಟ್ಟೆಯ ಮೇಲೆ ಕುಳಿತವರೊಬ್ಬರು ನನ್ನ ಹಳೆಯ ಕಸುಬನ್ನು ನೆನೆದು, “ಅಣ್ಣಾ, ಇದು ಗಾಳಿಗೂ ತಿರುಗ್ತದಂತೆ, ಹೌದೇನು?” ಎಂದು ಕೇಳಿದರು. ಹೌದು ಎಂದೆ. ನೀರು ಸದಾ ತುಂಬಿ ಹರಿಯುವ ಕೊಳವೆಯಲ್ಲಿ ಆ ತೊಂದರೆಯಿಲ್ಲವೆಂದೂ, 2008ರಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ಬಡಾವಣೆಗಳಲ್ಲಿ ದಿನದ ಇಪ್ಪತ್ನಾಲ್ಕು ಗಂಟೆಯೂ ನೀರು ಕೊಟ್ಟು ಮೀಟರಿನಿಂದ ಅಳೆಯುವ ಪ್ರಯೋಗ ನಡೆಯಿತೆಂದೂ ವಿವರಿಸಿದೆ. “ಮೊದಲು ಇಪ್ಪತ್ನಾಲ್ಕು ಗಂಟೆ ನೀರು ಬಿಡಲಿ, ಆಮೇಲೆ ಅಳೀಲಿ ಬಿಡಣ್ಣಾ” ಎಂದರು. ಇಪ್ಪತ್ತಾರು ವರ್ಷದಲ್ಲಿ ನಾನು ಓದಿದ ಯಾವ ಸುತ್ತೋಲೆಯಲ್ಲಿಯೂ ಇಷ್ಟು ಸ್ಪಷ್ಟವಾದ ಮಾತು ಇರಲಿಲ್ಲ.

ಮೀಟರು ಬೇಡವೆಂದು ನಾನು ಹೇಳುವವನಲ್ಲ. ಕೆರೆಗಳು ಬತ್ತುವ ನಾಡಿನಲ್ಲಿ ಅಳೆಯದೆ ನೀರು ಹಂಚಿದರೆ ಕೊನೆಯ ಮನೆಗೆ ಏನೂ ಉಳಿಯುವುದಿಲ್ಲ. ಆ ಕೊನೆಯ ಮನೆ ಯಾವಾಗಲೂ ಬಡವನದೇ ಆಗಿರುತ್ತದೆ. ಆದರೆ ಅಳತೆ ಎರಡು ಕೈಯಲ್ಲಿರಬೇಕು, ಮಾರುವವನ ಪುಸ್ತಕದಲ್ಲಿ ಒಂದು, ಕೊಳ್ಳುವವನ ಮನೆಯಲ್ಲಿ ಒಂದು.

ಬಿಲ್ಲು ತಿದ್ದಿಸಿದ ಕೆಲವು ತಿಂಗಳ ಮೇಲೆ ನಾನು ಆ ಮುದುಕಿಯ ಬೀದಿಗೆ ಬೇರೆ ಕೆಲಸಕ್ಕೆ ಹೋಗಿದ್ದೆ. ಆಕೆ ಗುರುತು ಹಿಡಿದು ಒಳಗೆ ಕರೆದಳು. ನೀರು ಕೊಟ್ಟಳು, ಕುಡಿದೆ. ಬಾಗಿಲ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ಬರೆದ ಹಾಲಿನ ಲೆಕ್ಕವಿತ್ತು. ಅದರ ಕೆಳಗೆ ಮೊಮ್ಮಗನ ಸೊಟ್ಟ ಅಕ್ಷರದಲ್ಲಿ ಇನ್ನೊಂದು ಸಾಲು ಅಂಕಿಗಳು. ಪ್ರತಿ ತಿಂಗಳ ಒಂದನೆಯ ತಾರೀಖು, ಅದರ ಮುಂದೆ ಮೀಟರಿನ ಅಂಕಿ.

“ನಿನ್ನ ಪುಸ್ತಕಕ್ಕೆ ಇದು ಸರಿ ಬರ್ತದೇನು ನೋಡಪ್ಪಾ” ಎಂದಳು.

ಕಚೇರಿಗೆ ಬಂದು ನೋಡಿದೆ. ಸರಿಬಂತು.